ಎಡಮೂಲೆಯ ಕೆಂಪು ಚುಕ್ಕೆ

ಕಂಪ್ಯೂಟರಿನ ಪರದೆಯ ಬಲಮೂಲೆಯಲ್ಲಿ ಇಷ್ಟು ವರ್ಷ ತೆಪ್ಪಗೆ ಕೂತಿದ್ದ, ಕಿಟಕಿ ಮುಚ್ಚುವ ಗುಣಿಸು ಚಿಹ್ನೆ ಶುಕ್ರವಾರ ಮಾಯವಾಯಿತು. ಬಸವಕಿರಣನ ಗ್ರಹಚಾರ ಕೆಟ್ಟಿದ್ದು ಅಲ್ಲಿಂದಲೇ. ಯಲಹಂಕದ ಅವನ ಫ್ಯಾಕ್ಟರಿಯವರು ಹಳೆಯ ಲ್ಯಾಪ್‌ಟಾಪ್ ಕಿತ್ತುಕೊಂಡು, ಯಾವುದೋ ಹೊಸ ಸಿಸ್ಟಮ್ಮಿನದನ್ನು ಕೈಗಿಟ್ಟಿದ್ದರು. ಅದರಲ್ಲಿ ಎಲ್ಲವೂ ಉಲ್ಟಾ. ಕೆಳಗಿನದನ್ನು ನೋಡೋಣವೆಂದು ಬೆರಳು ಕೆಳಕ್ಕೆಳೆದರೆ ಮೇಲಿನದು ಬರುತ್ತಿತ್ತು. ಮುಚ್ಚುವ ಗುಂಡಿ ಎಡಮೂಲೆಗೆ ಹೋಗಿ ಬರೀ ಕೆಂಪು ಚುಕ್ಕೆಯಾಗಿತ್ತು.

ಈಗ ಭಾನುವಾರ ಅದೇ ಲ್ಯಾಪ್‌ಟಾಪಿನಲ್ಲಿ ಹೆಣ್ಣು ನೋಡುವ ಶಾಸ್ತ್ರ! ಹುಡುಗಿ ಅಕ್ಷಯಾ ಆರ್.ಟಿ. ನಗರದವಳು, ಯಾವುದೋ ಕಂಪನಿಯಲ್ಲಿ ಡಿಸೈನರ್; ಇವನ ಬಾಡಿಗೆ ಮನೆ ಪುಟ್ಟೇನಹಳ್ಳಿಯಲ್ಲಿ. ಹೆಬ್ಬಾಳದ ಟ್ರಾಫಿಕ್ ದಾಟುವಷ್ಟರಲ್ಲಿ ರಾಹುಕಾಲ ಬರುತ್ತದೆಂದು ಎರಡೂ ಕಡೆಯವರು ವಿಡಿಯೋ ಕಾಲಿಗೆ ಒಪ್ಪಿದ್ದರು. ಮೂವತ್ತೈದು ದಾಟಿದ ಬಸವಕಿರಣನಿಗೆ ಈ ಸಂಬಂಧವೂ ತಪ್ಪಿದರೆ ಗದಗಿನಲ್ಲಿರುವ ಅವ್ವನಿಗೆ ಮುಖ ತೋರಿಸುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಫೋಟೋ ನೋಡಿದಾಗಿನಿಂದ ಹುಡುಗಿ ಅವನ ನಿದ್ದೆಗೆಡಿಸಿದ್ದಳು.

ಹಿರಿಯರ ಜಾಗದಲ್ಲಿ ಮನೆ ಓನರ್ ನೀಲಕ್ಕ ರೇಷ್ಮೆ ಸೀರೆಯುಟ್ಟು ಕೂತರು. ಪಕ್ಕದ ಮನೆಯ ವಹಾಬ್, ತನಗೆ ಕಂಪ್ಯೂಟರ್ ಗೊತ್ತೆಂದು ಕರೆಯದೆಯೇ ಬಂದ.

ಕಾಲ್ ಶುರುವಾಯಿತು. ಪರದೆ ತುಂಬ ಬಸವಕಿರಣನದೇ ಮುಖ, ಹುಡುಗಿ ಮೂಲೆಯಲ್ಲಿ ಅಂಚೆಚೀಟಿಯಷ್ಟು.

"ದೊಡ್ಡದು ಮಾಡಪ್ಪ, ಹುಡುಗಿ ಮೂಗೇ ಕಾಣ್ತಿಲ್ಲ," ಎಂದು ನೀಲಕ್ಕ ಪಿಸುಗುಟ್ಟಿದರು.

"ಎರಡು ಬೆರಳಿಡು ಗುರು, ಹಿಂಗೆ," ಎಂದು ವಹಾಬ್ ಕೈಹಾಕಿದ. ಹುಡುಗಿ ಸರ್ರನೆ ಪಕ್ಕಕ್ಕೆ ಜಾರಿ, ಫ್ಯಾಕ್ಟರಿಯ ನಟ್ಟು ಬೋಲ್ಟುಗಳ ಚಿತ್ರ ಬಂತು. ನೀಲಕ್ಕ ಅದಕ್ಕೇ ನಮಸ್ಕಾರ ಮಾಡಿಬಿಟ್ಟರು. ಹುಡುಗಿಯನ್ನು ಹುಡುಕಿ ತರುವಷ್ಟರಲ್ಲಿ ಬಸವಕಿರಣನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಹೇಗೋ ಮಾತುಕತೆ ಮುಗಿಯಿತು. "ಸಂಜೆ ತಿಳಿಸ್ತೀವ್ರಿ," ಎಂದರು ಹುಡುಗಿಯ ತಂದೆ ವೀರಬಸಪ್ಪ. ಬಸವಕಿರಣ ಕೈಮುಗಿದು ಕೆಂಪು ಚುಕ್ಕೆ ಒತ್ತಿದ. ಪರದೆ ಖಾಲಿಯಾಯಿತು.

"ಹುಡುಗಿ ಬಂಗಾರ ಕಣೋ," ಎಂದರು ನೀಲಕ್ಕ.

"ನಂಗೂ ಒಪ್ಪಿಗೆ ಅಕ್ಕ. ಆದ್ರೆ ಈ ದರಿದ್ರ ಸಿಸ್ಟಮ್ ಮರ್ಯಾದೆ ತೆಗೀತಲ್ಲ! ಇದನ್ನ ಮಾಡಿದ ಮಹಾನುಭಾವ ಕೈಗೆ ಸಿಗ್ಲಿ, ಅವನ ಮನೆ ಚಿಲಕ ನೆಲಕ್ಕೆ ಹಾಕಿಸ್ತೀನಿ, ನಲ್ಲಿ ಸೂರಿಗೆ ಹಾಕಿಸ್ತೀನಿ!"

"ಬಿಡು ಗುರು, ತಲೆ ಇರೋನು ಇದನ್ನ ಮಾಡಿರಲ್ಲ," ಎಂದು ವಹಾಬ್ ಸಮಾಧಾನ ಹೇಳಿದ.

"ಮಾಡಿದ್ದು ನಾನೇ," ಎಂದಿತು ಖಾಲಿ ಪರದೆ.

ನೀಲಕ್ಕ ಕುರ್ಚಿ ಸಮೇತ ಹಿಂದಕ್ಕೆ ಸರಿದರು. ವಹಾಬ್ ಬಾಗಿಲ ಬಳಿ ಹೋಗಿ ನಿಂತ. ಬಸವಕಿರಣ ಪರದೆಗೆ ಮುಖವಿಟ್ಟು ನೋಡಿದ. ಅದು ಅಕ್ಷಯಾಳ ದನಿ!

"ನೀ... ನೀವು ಹೋಗಿಲ್ವಾ? ಮುಚ್ಚಿದ್ನಲ್ಲ!"

"ಕಿಟಕಿ ಮುಚ್ಚಿದ್ರೆ ಒಳಗಿರೋರು ಎದ್ದು ಹೋಗ್ತಾರಾ? ಕಾಲ್ ನಡೀತಾನೇ ಇದೆ. ಆ ಕೆಂಪು ಚುಕ್ಕೆ ನಂದೇ ಡಿಸೈನು. ಬೆರಳು ಉಲ್ಟಾ ಓಡಿಸಿದ್ದೂ ನಾನೇ."

ಮುಗಿಯಿತು ಕತೆ. ಬಸವಕಿರಣ ತಲೆಯ ಮೇಲೆ ಕೈಹೊತ್ತು ಕುಸಿದ. "ತಪ್ಪಾಯ್ತು ಕಣ್ರೀ," ಎಂದ.

"ಯಾಕ್ರೀ ತಪ್ಪು? ನಮ್ಮ ಆಫೀಸಲ್ಲಿ ಎಲ್ಲ ಬುದ್ಧಿವಂತರು, ಒಬ್ರೂ ಎಡವಲ್ಲ. ನಿಮ್ಮಷ್ಟು ಎಡವೋರು ಸಿಗದೆ ಒದ್ದಾಡ್ತಿದ್ದೆ. ಅಪ್ಪಾ, ನಂಗೆ ಇವರೇ ಬೇಕು!"

"ಆತು ಬಿಡವಾ," ಎಂದರು ವೀರಬಸಪ್ಪ.

ಬಸವಕಿರಣನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಖುಷಿಯಿಂದ ಕಣ್ಣು ತುಂಬಿ ಬಂತು.

"ಒಂದ್ ಮಾತು," ಎಂದಳು ಅಕ್ಷಯಾ. "ಮುಂದೆ ನಾನು ಏನೇ ಹೊಸದು ಮಾಡಿದ್ರೂ ಮೊದ್ಲು ನಿಮ್ಮ ಮೇಲೇ ಪ್ರಯೋಗ. ಈಗ ಗೀಸರ್ ಮಾಡ್ತಿದೀನಿ. ಬಿಸಿನೀರಿಗೆ ನೀಲಿ, ತಣ್ಣೀರಿಗೆ ಕೆಂಪು."

ಯೋಚಿಸಿ ಹೇಳುತ್ತೇನೆ ಎನ್ನಲು ಬಸವಕಿರಣ ಬಾಯಿ ತೆರೆದ. ಸಂಬಂಧ ಕುದುರಿದ ಸಂಭ್ರಮದಲ್ಲಿ ನೀಲಕ್ಕ ಅದರೊಳಗೆ ಒಂದು ಹಿಡಿ ಸಕ್ಕರೆ ತುರುಕಿದರು.