ಕಾಲೊರಸಿನ ಮೇಲೆ ಕಾವಲುಗಾರ

ಗಂಡ: ಅಯ್ಯೋ, ಅದರ ಮೇಲೆ ಕಾಲಿಡಬೇಡ ಕಣೇ!

ಹೆಂಡತಿ: ಕಾಲೊರಸಿನ ಮೇಲೆ ಕಾಲಿಡದೆ ತಲೆ ಇಡ್ಲಾ?

ಗಂಡ: ತೊಟ್ಟೀಲಿ ಹಾಸಿದ್ನಲ್ಲ, ಯಾಕೆ ಕಿತ್ಕೊಂಡು ಬಂದೆ?

ಹೆಂಡತಿ: ಬಾಗಿಲಲ್ಲಿ ಹಾಸಿದ್ನಲ್ಲ, ನೀವ್ಯಾಕೆ ಕಿತ್ಕೊಂಡು ಹೋದ್ರಿ? ಮನೆ ತುಂಬಾ ಕೆಸರು. ನನ್ನ ಕಾಲೊರಸು ನನ್ನ ಬಾಗಿಲಿಗೆ ಬಂತು, ಅಷ್ಟೇ.

ಗಂಡ ಬಸ್ಸು ಓಡಿಸಿ ನಿವೃತ್ತನಾದವನು. ಹಿತ್ತಲ ಬೇಲಿ ದಾಟಿದರೆ ಹೊಳೆ. ಅಲ್ಲಿ ಮೀನು ಹಿಡಿಯುತ್ತಿದ್ದವನು ಈ ಬೇಸಿಗೆ ಚಿನ್ನ ಹಿಡಿಯಲು ಹೊರಟಿದ್ದ. ಉದ್ದನೆಯ ಹಲಗೆ ತೊಟ್ಟಿ, ಅದರ ತಳಕ್ಕೆ ಈ ನಾರಿನ ಕಾಲೊರಸು. ಪಂಪಿನ ನೀರು ಬಿಟ್ಟರೆ ಮರಳು ಕೊಚ್ಚಿಹೋಗುತ್ತದೆ, ಭಾರದ ಚಿನ್ನದ ಪುಡಿ ನಾರಿನಲ್ಲಿ ಕೂರುತ್ತದೆ. ಆ ಪಂಪು ಈಗ ಎಣ್ಣೆ ಹಚ್ಚಿಸಿಕೊಂಡು ನಡುಮನೆಯಲ್ಲಿ ಮದುಮಗನಂತೆ ಕೂತಿತ್ತು. ಅದನ್ನು ತಂದದ್ದು ಹೆಂಡತಿಯ ಉಂಗುರವನ್ನು ಅಂಗಡಿಯವನ ಕೈಗಿಟ್ಟು.

ಗಂಡ: ಬೇಸಿಗೆಯ ದುಡಿಮೆಯೆಲ್ಲ ಆ ನಾರಲ್ಲಿದೆ. ನಿನ್ನ ಉಂಗುರ ಅದರೊಳಗೇ ಇದೆ ಅಂದ್ಕೋ.

ಹೆಂಡತಿ: ನಮ್ಮಮ್ಮನ ಉಂಗುರ ಬೆರಳಲ್ಲಿ ನೆಟ್ಟಗಿತ್ತು. ಅದನ್ನ ಬಿಚ್ಚಿಸ್ಕೊಂಡು ಹೋಗಿ ಕಾಲೊರಸಲ್ಲಿ ಹುಡುಕೋ ಮಹಾರಾಯ ನೀವೊಬ್ರೇ.

ಅಷ್ಟರಲ್ಲಿ ಹೊಳೆ ಕಾವಲುಗಾರ ಬಾಗಿಲಿಗೆ ಬಂದ. ಮೊಣಕಾಲುದ್ದದ ಬೂಟು, ಬೂಟಿನ ತುಂಬ ಕೆಸರು. ಪಾಪ, ಮರ್ಯಾದಸ್ಥ. ಒಳಗೆ ಬರುವ ಮೊದಲು ಕಾಲೊರಸಿನ ಮೇಲೆ ನಿಂತು, ಕಣ ತುಳಿಯುವ ಎತ್ತಿನ ಹಾಗೆ ಚೆನ್ನಾಗಿ ತುಳಿದ.

ಗಂಡ: ಬೇಡ! ಬೇಡ ಸಾಹೇಬ್ರೇ! ಹಾಗೇ ಒಳಗೆ ಬನ್ನಿ!

ಕಾವಲುಗಾರ: ಛೆ, ಮನೆ ಹೊಲಸಾಗುತ್ತೆ.

ಗಂಡ: ಆಗ್ಲಿ ಬಿಡಿ, ನಮ್ಮನೇನೇ ಅಲ್ವಾ!

ಹೆಂಡತಿ: ನೆಲ ಒರೆಸೋಳು ನಾನಲ್ವಾ, ಅದಕ್ಕೇ ಧಾರಾಳ!

ಕಾವಲುಗಾರ: ಓಹೋ, ಪಂಪು ಇಲ್ಲೇ ಇದೆ. ಕಾನೂನು ಕೇಳಿ ಯಜಮಾನ್ರೇ. ಕೈಯಲ್ಲಿ ಮರಿಗೆ ಹಿಡಿದು ಮರಳು ತೊಳೀಬಹುದು. ಪಂಪು ಕೂಡದು. ತೊಟ್ಟಿ ಕೂಡದು. ದಡ ಅಗೀಬಾರದು. ಅಗೆದ ಗುಂಡಿ ಮುಚ್ಚಬೇಕು.

ಹೆಂಡತಿ: ಅಗೀಲೇಬಾರದು ಅಂದ್ಮೇಲೆ ಮುಚ್ಚೋದೇನಣ್ಣ?

ಕಾವಲುಗಾರ: ಅದು ಬೇರೆ ಕಲಮು ಅಕ್ಕ. ಎರಡನ್ನೂ ಒಬ್ರೇ ಬರೆದಿಲ್ಲ.

ಹೆಂಡತಿ: ಸೇತುವೆ ಕೆಳಗೆ ಗುತ್ತಿಗೆದಾರನ ಯಂತ್ರ ಹೊಳೆ ಹೊಟ್ಟೆ ಬಗೀತಿದೆಯಲ್ಲ, ಅದಕ್ಯಾವ ಕಲಮು?

ಕಾವಲುಗಾರ: ಅವರಿಗೆ ಲೈಸೆನ್ಸಿದೆ.

ಹೆಂಡತಿ: ಹಂಗನ್ನು! ನಾವು ಕೆರೆದ್ರೆ ಹೊಳೆಗೆ ನೋವು, ಸಾಹುಕಾರ ಬಗೆದ್ರೆ ಕಚಗುಳಿ!

ಕಾವಲುಗಾರ ಟೋಪಿ ಸರಿಮಾಡಿಕೊಂಡ.

ಕಾವಲುಗಾರ: ಅದೆಲ್ಲ ಮೇಲಿನೋರ ವಿಷಯ ಅಕ್ಕ. ಚಿನ್ನ ಹಿಡಿಯೋ ಸಾಧನ ಯಾವುದೇ ಆಗ್ಲಿ, ಪರವಾನಗಿ ಇಲ್ಲದಿದ್ರೆ ಜಪ್ತಿ. ನನಗೆ ಗೊತ್ತಿರೋದು ಇಷ್ಟೇ. ಪಂಪು ಹೊತ್ಕೊಂಡು ಹೊರಟೆ.

ಅವನು ಪಂಪಿನತ್ತ ತಿರುಗಿ ಹೆಜ್ಜೆ ಇಟ್ಟಾಗ ಬೂಟಿನ ಅಟ್ಟೆ ಬಿಸಿಲಿಗೆ ಮಿನುಗಿತು. ಗಂಡ ಓಡಿಹೋಗಿ ಸ್ಟೂಲು ತಂದ.

ಗಂಡ: ಹೊರಡಬೇಡಿ! ಕೂತ್ಕೊಳ್ಳಿ! ಬೂಟು ಬಿಚ್ಚಿ!

ಕಾವಲುಗಾರ: ಬರುವಾಗ ಒರೆಸಬೇಡಿ ಅಂದ್ರಿ. ಹೋಗುವಾಗ ಬಿಚ್ಚಿ ಅಂತೀರಿ. ಏನ್ ಸಮಾಚಾರ?

ಗಂಡ: ತೊಳ್ಕೊಡ್ತೀನಿ. ಬಸ್ಸು ಓಡಿಸ್ದೋನು ನಾನು. ಕೆಸರಾಗಿರೋ ಟೈರು ಕಂಡ್ರೆ ಕೈ ತಡೆಯಲ್ಲ.

ಕಾವಲುಗಾರ: ನೋಡಿ, ನಾನು ಲಂಚ ಮುಟ್ಟೋನಲ್ಲ. ತೊಳೆದು ಕೊಟ್ರೂ ಮುಟ್ಟಲ್ಲ!

ಅವನು ಪಂಪಿಗೆ ಕೈ ಹಾಕಿದ್ದೇ ತಡ, ಹೆಂಡತಿ ಸೆರಗು ಬಿಗಿದು ಅಡ್ಡ ನಿಂತಳು.

ಹೆಂಡತಿ: ತಗೊಂಡು ಹೋಗುವಂತೆ ಅಣ್ಣ. ಮೊದಲು ಒಂದು ಕಾಲೆತ್ತು.

ಏನು ಎತ್ತ ತಿಳಿಯದೆ ಅವನು ಗೋಡೆ ಹಿಡಿದು ಕಾಲೆತ್ತಿದ. ಅಟ್ಟೆಯ ಗೀರುಗಳ ತುಂಬ ಹಳದಿ ಕಣಗಳು.

ಕಾವಲುಗಾರ: ಏನಕ್ಕ ಇದು?

ಹೆಂಡತಿ: ಚಿನ್ನ. ಇವರ ತೊಟ್ಟಿ ಬೇಸಿಗೆಯಿಡೀ ಹಿಡಿದಿದ್ದನ್ನ ನಿನ್ನ ಬೂಟು ಕಣ್ಮುಚ್ಚಿ ಬಿಡೋದ್ರಲ್ಲಿ ಹಿಡೀತು. ಎಲ್ಲಿ, ಇದರ ಪರವಾನಗಿ ತೋರ್ಸು?

ಕಾವಲುಗಾರ: ಇದು ಸರ್ಕಾರಿ ಬೂಟು!

ಹೆಂಡತಿ: ಇನ್ನೂ ಒಳ್ಳೇದಾಯ್ತು, ಸರ್ಕಾರವೇ ಸಿಕ್ಕಿಬಿತ್ತು. ಸಾಧನ ಯಾವುದೇ ಆಗ್ಲಿ ಅಂದೋನು ನೀನು. ಪಂಪು ಜಪ್ತಿ ಮಾಡು, ಬೂಟೂ ಜಪ್ತಿ ಮಾಡು. ಎರಡನ್ನೂ ತಲೆ ಮೇಲೆ ಹೊತ್ಕೊಂಡು ಬರಿಗಾಲಲ್ಲಿ ಕಚೇರಿಗೆ ಹೋಗು. ಹೋಗಪ್ಪ, ತಡೆಯೋಳಲ್ಲ ನಾನು.

ಕಾವಲುಗಾರ ಕೊಕ್ಕರೆಯಂತೆ ಒಂಟಿಕಾಲಲ್ಲೇ ನಿಂತು ಕಚೇರಿಯನ್ನೂ ಅಲ್ಲಿ ಹಲ್ಲು ಕಿಸಿಯುವ ಜೊತೆಗಾರರನ್ನೂ ನೆನೆದ.

ಕಾವಲುಗಾರ: ಅಕ್ಕ... ನಾನು ಪಂಪು ನೋಡ್ಲೇ ಇಲ್ಲ.

ಹೆಂಡತಿ: ನಾವೂ ಬೂಟು ನೋಡ್ಲಿಲ್ಲ.

ಕಾವಲುಗಾರ: ನಾಳೇನೂ ಇಲ್ಲೇ ಇದ್ರೆ ಮಾತ್ರ ನೋಡ್ಬೇಕಾಗುತ್ತೆ.

ಹೆಂಡತಿ: ನಾಳೆ ಇದ್ರೆ ತಾನೇ!

ಗಂಡ ಎರಡೂ ಬೂಟುಗಳನ್ನು ಮರಿಗೆಯ ಮೇಲೆ ಹಿಡಿದು, ಕೂಸನ್ನು ಮೀಯಿಸಿದಂತೆ ತೊಳೆದು ಕೊಟ್ಟ. ಕಾವಲುಗಾರ ಈ ಸಲ ಕಾಲೊರಸನ್ನು ದಾಟಿಕೊಂಡೇ ಹೊರಗೆ ಹಾರಿದ.

ಗಂಡ: ಭಲೇ ಭಲೇ! ಸರ್ಕಾರದ ಬಾಯಿಂದ ಪಂಪು ಕಿತ್ಕೊಂಡ್ಯಲ್ಲೇ! ನೀನು ನನ್ನ ಕಡೆ ಅಂತ ಗೊತ್ತೇ ಇರ್ಲಿಲ್ಲ. ಎಲ್ಲಿ ಬಚ್ಚಿಡೋಣ ಹೇಳು?

ಹೆಂಡತಿ: ಹೆಗಲ ಮೇಲೆ.

ಗಂಡ: ಯಾರ ಹೆಗಲ ಮೇಲೆ?

ಹೆಂಡತಿ: ನಿಮ್ಮದೇ. ಅಂಗಡಿಯವನ ಹತ್ರ ನಿನ್ನೇನೇ ಮಾತಾಡಿ ಬಂದಿದ್ದೀನಿ. ಪಂಪು ತಂದ್ರೆ ಉಂಗುರ ವಾಪಸ್ ಕೊಡ್ತಾನಂತೆ. ಆ ಕಾವಲುಗಾರ ಹೊತ್ಕೊಂಡು ಹೋಗಿದ್ರೆ ನನ್ನ ಉಂಗುರಾನೂ ಹೋಗ್ತಿತ್ತು.

ಗಂಡ: ಅಯ್ಯೋ, ಸರ್ಕಾರದೋನೇ ಬಿಟ್ಟು ಹೋದ್ನಲ್ಲೇ!

ಹೆಂಡತಿ: ಸರ್ಕಾರಕ್ಕೇನ್ರೀ, ಹಿಡಿಯೋಕೆ ಊರು ತುಂಬಾ ಜನ ಇದ್ದಾರೆ. ನನಗಿರೋದು ನೀವೊಬ್ರೇ. ಎತ್ತಿ!