ಭಾವನ ಫ್ಕ್ವೇರ್ ರೂಟು

ನಿಮ್ಮ ಮನೆಯಲ್ಲಿ ಯಾರಾದರೂ ಇನ್ನೂರೈವತ್ತು ವರ್ಷ ಹಿಂದಿನ ಇಂಗ್ಲಿಷ್ ಮಕ್ಕಳ ಹೋಂವರ್ಕ್ ಮಾಡಿದ್ದುಂಟೇ? ನಿಜ ಹೇಳಿ! ಶುಕ್ರವಾರ ಮಧ್ಯಾಹ್ನ ಸೌದಿಯ ದಮ್ಮಾಮ್ ಊರಿಗೆ ಊರೇ ಬಿರಿಯಾನಿ ತಿಂದು ಮಲಗಿರುವಾಗ, ಲುಂಗಿ ಉಟ್ಟು ಎಸಿ ಕೆಳಗೆ ಕೂತು ಬ್ರಿಟನ್ನಿನ ಯಾರದೋ ಗದ್ದೆ ಅಳೆಯುವ ಮನುಷ್ಯ ನಿಮ್ಮಲ್ಲಿ ಇದ್ದಾರೆಯೇ? ಇಲ್ಲವಾದರೆ ನಮ್ಮ ಭಾವನನ್ನು ಕಳಿಸಿಕೊಡುತ್ತೇನೆ. ವಾಪಸ್ ಮಾಡಬೇಕಾಗಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು, ಇಲ್ಲಿ ಎಸಿ ಕೂರಿಸುವ ಕಂಪೆನಿಯಲ್ಲಿ ಸೂಪರ್‌ವೈಸರ್. ಅವರ ಕೆಳಗಿನ ಫ್ಲ್ಯಾಟ್ ನಮ್ಮದು. ಹದಿನೆಂಟನೇ ಶತಮಾನದ ಬ್ರಿಟನ್ನಿನ ಗಣಿತ ಪುಸ್ತಕಗಳೆಂದರೆ ಅವರಿಗೆ ಪ್ರಾಣ. ಇಂಟರ್‌ನೆಟ್ಟಿನಿಂದ ಇಳಿಸಿ, ಪ್ರಿಂಟ್ ತೆಗೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿ ಪೇರಿಸಿದ್ದಾರೆ. ಅಕ್ಕ ಮಸಾಲೆ ಡಬ್ಬಕ್ಕೆಂದು ಕಪಾಟು ತೆರೆದರೆ ತಲೆಯ ಮೇಲೆ ಬ್ರಿಟಿಷ್ ಸಾಮ್ರಾಜ್ಯ ಬೀಳುತ್ತದೆ!

ಈ ಹುಚ್ಚು ಶುರುವಾದದ್ದು ಮಗಳಿಂದ. ಒಂಬತ್ತನೇ ಕ್ಲಾಸಿನಲ್ಲಿ ಅವಳು ಗಣಿತದಲ್ಲಿ ಡುಮ್ಕಿ ಹೊಡೆದಳು, ಭಾವ ರೇಗಾಡಿದರು. ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡವಳು ಅಪ್ಪನ ಹತ್ತಿರ ಮಾತೇ ಬಿಟ್ಟಳು. "ಊಟಕ್ಕೆ ಬಾ" ಎಂದರೆ "ನೋ." "ಎಂತ ಬೇಕು ಪುಟ್ಟಿ" ಎಂದರೆ "ನಥಿಂಗ್." ಎರಡೇ ಶಬ್ದದಲ್ಲಿ ಸಂಸಾರ! ಅವಳ ಪಠ್ಯಪುಸ್ತಕ ಮುಟ್ಟಲು ಧೈರ್ಯವಿಲ್ಲದ ಭಾವ, ಎಲ್ಲಿಂದಲೋ ಒಂದು ಹಳೇ ಪುಸ್ತಕ ಹುಡುಕಿ, ಬಾಗಿಲೆದುರಿನ ಸೋಫಾದಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದರು.

"ಫೈಂಡ್ ದಿ ಫಮ್ ಆಫ್ ದಿ ಫ್ಕ್ವೇರ್ಸ್!"

ವಿಷಯ ಏನೆಂದರೆ, ಆ ಕಾಲದ ಅಚ್ಚಿನಲ್ಲಿ ಪದದ ಮೊದಲಿಗೋ ನಡುವೆಯೋ ಬರುವ ಎಸ್ ಅಕ್ಷರ ನೋಡಲು ಥೇಟ್ ಎಫ್ ಹಾಗೇ ಇರುತ್ತದೆ. ಬಾಗಿಲು ದಡಾರನೆ ತೆರೆಯಿತು.

"ಪಪ್ಪಾ! ಇಟ್ಸ್ ಎಸ್! ಸಮ್! ಸ್ಕ್ವೇರ್ಸ್!"

"ಎಫ್ ಅಂತಲೇ ಉಂಟಲ್ವಾ ಪುಟ್ಟಿ? ಆಗಿನವರಿಗೆ ಮುಂದಿನ ಹಲ್ಲು ಇರ್ಲಿಲ್ಲ ಕಾಣ್ತದೆ."

ಅವಳು ನಕ್ಕಳು. ಬಾಗಿಲು ಮತ್ತೆ ಹಾಕಿಕೊಂಡಿತು, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ. ಅಂದಿನಿಂದ ಭಾವ ನಿಲ್ಲಿಸಲೇ ಇಲ್ಲ. ಸಿಕ್ಸ್ ಹೋಗಿ ಫಿಕ್ಸ್ ಆಯಿತು, ಸೆವೆನ್ ಹೋಗಿ ಫೆವೆನ್ ಆಯಿತು!

ಮನೆಯೊಳಗೇ ಇದ್ದಿದ್ದರೆ ಸರಿ. ಭಾವ ಕೆಲಸಕ್ಕೆ ಹತ್ತಿರದ ಖತೀಫ್ ಊರಿಗೆ ಹೋಗುವುದು ಭಟ್ಕಳದ ಗೆಳೆಯರೊಬ್ಬರ ಕಾರಿನಲ್ಲಿ. ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂತು ತ್ರಿಕೋನಮಿತಿ ಓದುತ್ತಿದ್ದರು. ಅಲ್ಲಿ ಸೈನ್ ಎಂಬ ಶಬ್ದ. ಭಾವ ಕೂಗಿದರು, "ಫೈನ್ ಎಷ್ಟು?"

ಗೆಳೆಯರು ಒತ್ತಿದರು ನೋಡಿ ಬ್ರೇಕು!

"ಯಾ ಅಲ್ಲಾ! ಎಲ್ಲುಂಟು ಕ್ಯಾಮೆರಾ?"

"ಕ್ಯಾಮೆರಾ ಅಲ್ಲ ಮಾರಾಯ, ತ್ರಿಕೋನದ ಫೈನ್!"

"ತ್ರಿಕೋನಕ್ಕೂ ಫೈನ್ ಹಾಕ್ತಾರಾ ಈಗ?"

ನಡುರಸ್ತೆಯಲ್ಲಿ ಕಾರು ನಿಂತರೆ ಪೊಲೀಸ್ ಸುಮ್ಮನಿರುತ್ತಾನೆಯೇ? ಬಂದ. ಭಾವನ ತೊಡೆಯ ಮೇಲಿದ್ದ ಪುಸ್ತಕ ಎತ್ತಿ ತೆರೆದ. ಸಿಕ್ಕಿದ್ದು ಯಾವ ಪುಟ? ಪೀಪಾಯಿಯಲ್ಲಿ ಬಿಯರ್ ಎಷ್ಟಿದೆ ಎಂದು ಲೆಕ್ಕ ಹಾಕುವ ಪಾಠ, ಚಿತ್ರ ಸಮೇತ! ಸೌದಿಯಲ್ಲಿ!

"ಎಯ್ಶ್ ಹಾದಾ?" ಇದೇನು ಎಂದು ಕೇಳಿದ.

ಗಣಿತಕ್ಕೆ ಅರಬ್ಬಿಯಲ್ಲಿ 'ರಿಯಾದಿಯಾತ್' ಎನ್ನುತ್ತಾರೆ. ಭಯಕ್ಕೆ ಭಾವನ ಬಾಯಲ್ಲಿ ಅರ್ಧವೇ ಬಂತು, "ರಿಯಾದ್... ರಿಯಾದ್..."

ಪೊಲೀಸ್ ಮರುಕದಿಂದ ನೋಡಿ, ಪುಸ್ತಕ ವಾಪಸ್ ಕೊಟ್ಟು, ಹಿಂದಕ್ಕೆ ಕೈ ತೋರಿಸಿದ. ರಿಯಾದ್ ಆ ಕಡೆ! ಯಲ್ಲಾ, ಹೊರಡಿ!

"ನಾಳೆಯೂ ಆ ಪುಸ್ತಕ ತಂದ್ರೆ ನೀನು ಡಿಕ್ಕಿಯಲ್ಲಿ ಕೂತ್ಕೊ," ಎಂದರಂತೆ ಗೆಳೆಯರು.

ಆ ಸಂಜೆ ಭಾವ ಈ ಕತೆ ಹೇಳಿದಾಗ ಮಗಳು ಬಾಗಿಲಿನಿಂದ ಸೋಫಾಕ್ಕೆ ಬಂದು ಬಿದ್ದು ಬಿದ್ದು ನಕ್ಕಳು. ಆಮೇಲೆ "ಎಲ್ಲಿ ಆ ಪೀಪಾಯಿ, ಕೊಡಿ" ಎಂದು ಪೆನ್ಸಿಲ್ ಹಿಡಿದಳು. ಅಪ್ಪ ತಪ್ಪು ಓದುವುದು, ಮಗಳು ಬೈಯುತ್ತಾ ಲೆಕ್ಕ ಬಿಡಿಸುವುದು ಮನೆಯ ಪದ್ಧತಿಯೇ ಆಯಿತು. ಗಣಿತದಲ್ಲಿ ಮೊದಲಿಗಳೇನೂ ಆಗಲಿಲ್ಲ ಬಿಡಿ, ಪಾಸಾದಳು. ಕಳೆದ ವರ್ಷ ಮಂಗಳೂರಿನ ಕಾಲೇಜಿಗೆ ಹೋದಳು.

ಮೊನ್ನೆ ಅಕ್ಕನ ಪಾತ್ರೆ ಹಿಂದಿರುಗಿಸಲು ಮೇಲೆ ಹೋದೆ. ಅಕ್ಕ ಇರಲಿಲ್ಲ. ಭಾವ ಅದೇ ಸೋಫಾದಲ್ಲಿ ನನಗೆ ಬೆನ್ನು ಹಾಕಿ ಕೂತು, ತಮ್ಮಷ್ಟಕ್ಕೆ ಓದುತ್ತಿದ್ದರು. "ದಿ ಸಮ್ ಆಫ್ ದಿ ಸ್ಕ್ವೇರ್ಸ್..." ಒಂದು ಎಸ್ ತಪ್ಪಿಲ್ಲ! ರೇಡಿಯೋದವರ ಹಾಗೆ ಸ್ಪಷ್ಟ!

"ಭಾವ! ನಿಮಗೆ ಎಸ್ ಗೊತ್ತುಂಟಾ?"

ಬೆಚ್ಚಿಬಿದ್ದರು. "ಮೆಲ್ಲ ಮಾರಾಯ್ತಿ! ಮೊದಲಿಂದಲೂ ಗೊತ್ತುಂಟು." ಮಗಳ ಮುಚ್ಚಿದ ಕೋಣೆಯ ಕಡೆ ಒಮ್ಮೆ ನೋಡಿದರು. "ಸರಿ ಓದಿದ್ರೆ ಅವಳು ಬಾಗಿಲು ತೆಗಿತಿದ್ಳಾ?"

 

ಅಷ್ಟರಲ್ಲಿ ಫೋನ್ ಬಂತು. ವಿಡಿಯೋದಲ್ಲಿ ಮಗಳು. ಭಾವ ಕನ್ನಡಕ ಸರಿಮಾಡಿಕೊಂಡು ಪುಸ್ತಕ ಎತ್ತಿದರು.

"ಪುಟ್ಟಿ, ಈ ಫಮ್ ಸ್ವಲ್ಪ ಕಷ್ಟ ಉಂಟು..."

"ಅಯ್ಯೋ ಪಪ್ಪಾ! ಎಸ್ ಅಂತ ನಿಮಗೆ ಎಷ್ಟು ಸಲ ಹೇಳ್ಲಿಕ್ಕುಂಟು? ನಾನಿಲ್ಲದೆ ನೀವು ಎಂತ ಮಾಡ್ತೀರಿ ಅಲ್ಲಿ?"

ನೋ ಇಲ್ಲ, ನಥಿಂಗ್ ಇಲ್ಲ. ಬೈಗುಳ ನಿಲ್ಲಲೇ ಇಲ್ಲ. ಭಾವ ಮುಖವೆಲ್ಲ ಅರಳಿಸಿಕೊಂಡು ಬೈಸಿಕೊಳ್ಳುತ್ತಿದ್ದರು. ನಾನು ಪಾತ್ರೆ ಸದ್ದಿಲ್ಲದೆ ಇಟ್ಟು ಕೆಳಗಿಳಿದೆ.

ಆ ಕಾಲದ ಬ್ರಿಟನ್ನಿನಲ್ಲಿ ಹೆಂಗಸರಿಗೆಂದೇ ಒಂದು ಪಂಚಾಂಗ ಬರುತ್ತಿತ್ತಂತೆ. ಅದರಲ್ಲಿ ಲೆಕ್ಕವನ್ನು ಪದ್ಯದಲ್ಲಿ ಕೇಳಿದರೆ, ಓದುಗರು ಉತ್ತರ ಬರೆದು ಕಳಿಸುತ್ತಿದ್ದರಂತೆ. ನನಗೆ ಪದ್ಯ ಬರುವುದಿಲ್ಲ, ಹೀಗೇ ಕೇಳುತ್ತೇನೆ: ನಿಮಗಾಗಿ ಬೇಕೆಂದೇ ತಪ್ಪು ಮಾಡುತ್ತಿದ್ದವರು ನಿಮ್ಮ ಮನೆಯಲ್ಲಿ ಯಾರು? ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ಎಸ್ಸು ಎಫ್ಫು ಏನೇ ತಪ್ಪಿದರೂ ನಾನು ತಿದ್ದುವುದಿಲ್ಲ.