ಸೊನ್ನೆ ನಂಬರಿನ ಡಿಸ್ಕು

ಮನೆಯ ಹಳೇ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ, ಅದರ ಹಾರ್ಡ್ ಡಿಸ್ಕನ್ನು ಸ್ವಹಸ್ತದಿಂದಲೇ ಬದಲಾಯಿಸುತ್ತೇನೆ ಎಂದು ಲೈಬ್ರರಿಯನ್ ಮಹಾಶಯರು ಭಾನುವಾರ ಬೆಳಿಗ್ಗೆ ಘೋಷಿಸಿದರು. ಇಪ್ಪತ್ತೆಂಟು ವರ್ಷ ಕಾಲೇಜಿನ ಪುಸ್ತಕಗಳಿಗೆ ನಂಬರು ಹಾಕಿದ ಕೈ ಅದು. ಸಾಲದ್ದಕ್ಕೆ ವಿಡಿಯೋ ಬೇರೆ ಮೂರು ಸಲ ನೋಡಿಯಾಗಿತ್ತು.

ಲ್ಯಾಪ್‌ಟಾಪು ಅವರದ್ದಲ್ಲ, ಅತ್ತೆಯದ್ದು. ಹೆಂಡತಿಯ ತಾಯಿ, ನಿವೃತ್ತ ಹೆರಿಗೆ ನರ್ಸು. ತಾವು ಹೆರಿಗೆ ಮಾಡಿಸಿದ ಒಂದೊಂದು ಕೂಸಿನ ವಿವರವನ್ನೂ ನೆನಪಿನಿಂದ ಹೆಕ್ಕಿ, ಒಂದೇ ಬೆರಳಿನಲ್ಲಿ ಒತ್ತುತ್ತಾ, ಆರು ವರ್ಷದಿಂದ ಅದರಲ್ಲಿ ಬರೆಯುತ್ತಿದ್ದರು. ಒಂಬೈನೂರು ಕೂಸುಗಳಾಗಿದ್ದವು. ಈಚೆಗೆ ನೆನಪು ಕೈಕೊಡುತ್ತಿತ್ತು, ಹಾಗಾಗಿ ಅವರಿಗೆ ಅವಸರ. ಲ್ಯಾಪ್‌ಟಾಪಿಗೆ ಮಾತ್ರ ಏಳಲು ಅರ್ಧ ಗಂಟೆ ಬೇಕಿತ್ತು.

"ರೀ, ಮೊದ್ಲು ಅಮ್ಮ ಬರೆದಿದ್ದನ್ನ ಒಂದು ಪೆನ್‌ಡ್ರೈವ್‌ಗೆ ಹಾಕ್ಬಿಡಿ," ಎಂದಳು ಹೆಂಡತಿ.

"ಹೊಸ ಡಿಸ್ಕಿಗೆ ಹಳೇದು ಇದ್ದ ಹಾಗೇ ಇಳಿಯುತ್ತೆ ಕಣೇ. ಅದೇ ಬ್ಯಾಕಪ್ಪು. ಬ್ಯಾಕಪ್ಪಿಗೊಂದು ಬ್ಯಾಕಪ್ಪು ಯಾಕೆ?"

"ನಿಮ್ಮ ಧೈರ್ಯ ನೋಡಿದ್ರೇನೇ ನಂಗೆ ಭಯ."

ಹೊಸ ಡಿಸ್ಕನ್ನು ಕೇಬಲ್ಲಿನಿಂದ ಜೋಡಿಸಿದ್ದಾಯಿತು. ಯಾವುದರಿಂದ ಯಾವುದಕ್ಕೆ ನಕಲು ಮಾಡಲಿ ಎಂದು ಪರದೆ ಕೇಳಿತು. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು. ಒಂದರ ನಂಬರು ಸೊನ್ನೆ, ಇನ್ನೊಂದರದ್ದು ಒಂದು. ಲೈಬ್ರರಿಯನ್ನರು ಕನ್ನಡಕ ಒರೆಸಿಕೊಂಡು ಗಹನವಾಗಿ ಆಲೋಚಿಸಿದರು. ಸೊನ್ನೆ ಎಂದರೆ ಏನೂ ಇಲ್ಲದ್ದು. ಏನೂ ಇಲ್ಲದ್ದು ಹೊಸ ಡಿಸ್ಕು. ಅವರ ಲೈಬ್ರರಿಯಲ್ಲಿ ಸೊನ್ನೆ ನಂಬರಿನ ಪುಸ್ತಕ ಒಂದಾದರೂ ಇತ್ತೇ? ಒಂದರಿಂದ ಸೊನ್ನೆಗೆ ಎಂದು ಅಪ್ಪಣೆ ಕೊಟ್ಟರು. ಖಂಡಿತವೇ ಎಂದು ಪರದೆ ಕೇಳಿದಾಗ, ಇದಕ್ಕೂ ನನ್ನ ಮೇಲೆ ಅನುಮಾನ ಎಂದು ಗೊಣಗಿ ಗುಂಡಿ ಒತ್ತಿದರು.

ಮೂರು ಗಂಟೆ ಕಾವಲು ಕೂತರು. ಮನೆಯಲ್ಲಿ ಯಾರೂ ಜೋರಾಗಿ ನಡೆಯುವಂತಿರಲಿಲ್ಲ. ನಕಲು ಮುಗಿಯಿತು. ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ, ಹೊಸ ಡಿಸ್ಕು ಕೂರಿಸಿ, ಮಿಕ್ಕ ಒಂದು ಸ್ಕ್ರೂವನ್ನು ಯಾರಿಗೂ ಕಾಣದಂತೆ ಜೇಬಿಗಿಳಿಸಿ, ಆನ್ ಮಾಡಿದರು. ಪರದೆ ಕಪ್ಪು. ಹಳೇ ಡಿಸ್ಕನ್ನೇ ಮತ್ತೆ ಹಾಕಿದರು. ಅದೂ ಕಪ್ಪು.

ಕೊನೆಗೆ ರಿಪೇರಿ ಅಂಗಡಿಯವನಿಗೇ ಫೋನು ಮಾಡಬೇಕಾಯಿತು.

"ಸಾರ್, ಡಿಸ್ಕಿನ ಲೆಕ್ಕ ಸೊನ್ನೆಯಿಂದ ಶುರು. ಸೊನ್ನೆ ಅಂದ್ರೆ ನಿಮ್ಮ ಹಳೇದು. ಅದರ ಮೇಲೆ ಪೂರ್ತಿ ಬರೆದುಬಿಟ್ಟಿದೆ. ಇನ್ನು ಸಿಗಲ್ಲ."

ಅಂದರೆ ಮಹಾಶಯರು ಮೂರು ಗಂಟೆ ಕೂತು, ಖಾಲಿಯನ್ನು ಒಂದು ಹನಿಯೂ ಚೆಲ್ಲದಂತೆ ನಕಲು ಮಾಡಿದ್ದರು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನೀವೇ ಹೋಗಿ ಹೇಳಿ," ಎಂದಳು, ಅಷ್ಟೇ.

ಹೇಳಿದರು. ಅತ್ತೆ ಆರು ವರ್ಷ ಒತ್ತಿದ ತಮ್ಮ ಬೆರಳನ್ನೇ ನೋಡಿಕೊಂಡರು. ಕಣ್ಣು ತುಂಬಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅಳಿಯನಿಗೆ.

"ಒಂದು ನೋಟ್‌ಬುಕ್ ತಗೊಂಡ್ಬನ್ನಿ," ಎಂದರು ಅತ್ತೆ. "ನೆನಪಿರೋವಷ್ಟು ನಾನು ಹೇಳ್ತೀನಿ. ನೀವು ಬರ್ಕೊಳ್ಳಿ."

ಅಳಿಯ ನೆಲದ ಮೇಲೇ ಕೂತು ನಂಬರು ಹಾಕಿಕೊಂಡ.

"ಮೊದಲನೇದು ಗಂಡು. ನಾನೊಬ್ಬಳೇ ನಿಂತು ಮಾಡಿಸಿದ ಮೊದಲ ಹೆರಿಗೆ. ಎಲ್ಲಾ ಕೂಸುಗಳೂ ತಲೆ ಮುಂದಾಗಿ ಬಂದ್ರೆ, ಇದು ಕಾಲು ಮುಂದಾಗಿ ಬಂತು. ಹದಿನೆಂಟು ಗಂಟೆ ನನ್ನ ಬೆವರಿಳಿಸ್ತು."

ಅಳಿಯ ಒಂದಕ್ಷರವೂ ಬಿಡದೆ ಬರೆದುಕೊಂಡ.

"ತಾಯಿ ಹೆಸರು, ಅತ್ತೆ?"

"ನಿಮ್ಮಮ್ಮನ ಹೆಸರನ್ನೂ ನಾನೇ ಹೇಳ್ಬೇಕಾ, ಅಳಿಯಂದ್ರೇ?"